ಮಾವನ ಕೈಗೆ ಸಿಕ್ಕ ಕನ್ನಡಕಗಳು

ನಮ್ಮ ಸೋದರಮಾವ ಬರುತ್ತಾರೆಂದು ಗೊತ್ತಾದರೆ ಮನೆಯಲ್ಲಿ ಮೊದಲು ಬಚ್ಚಿಡುವುದು ಕನ್ನಡಕಗಳನ್ನು! ಕಳ್ಳರಲ್ಲ ಪಾಪ, ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ದುಡಿದು ನಿವೃತ್ತರಾದ ಮರ್ಯಾದಸ್ಥರು. ಆದರೆ ಯಾರ ಮೂಗಿನ ಮೇಲೆ ಗಾಜು ಕಂಡರೂ ಕೈ ಸುಮ್ಮನಿರುವುದಿಲ್ಲ. ಒಮ್ಮೆ ಭೂತಗನ್ನಡಿಯಿಂದ ಬಿಸಿಲನ್ನು ಒಂದೇ ಚುಕ್ಕೆಗೆ ಕೂಡಿಸಿ, ಅಪ್ಪ ಓದುತ್ತಿದ್ದ ಪತ್ರಿಕೆಗೇ ತೂತು ಸುಟ್ಟಿದ್ದರು. ಅಪ್ಪ ಕೂಗಾಡಿದರೆ, "ಓದಿದ ಸುದ್ದೀನ ಸುಟ್ಟೇನಿ ಬಿಡ್ರಿ" ಎಂದರು!

ನನ್ನನ್ನು ನೋಡಲು ಹಳಿಯಾಳದಿಂದ ಗಂಡಿನ ಕಡೆಯವರು ಬಂದ ದಿನವೂ ಬಿಡಲಿಲ್ಲ. ಹುಡುಗನ ತಂದೆಯ ಕನ್ನಡಕ ಇಸಿದುಕೊಂಡು ಕಿಟಕಿಯ ಎದುರಿನ ಗೋಡೆಯ ಮುಂದೆ ಹಿಡಿದರು. ಗೋಡೆಯ ಮೇಲೆ ನಮ್ಮ ಕಿಟಕಿ ತಲೆಕೆಳಗಾಗಿ ಮೂಡಿತು!

"ಈ ಗಾಜು ನಡುವ ದಪ್ಪ ಐತ್ರಿ. ಬೆಳಕು ಒಳಗ ಬಾಗಿ ಒಂದ ಕಡೆ ಕೂಡತೈತಿ."

ಆಮೇಲೆ ಹುಡುಗನದನ್ನು ಹಿಡಿದರು. ಗೋಡೆಯ ಮೇಲೆ ಏನೂ ಬೀಳಲಿಲ್ಲ. "ಇದು ನಡುವ ತೆಳ್ಳಗೈತಿ. ಬೆಳಕನ್ನ ಹೊರಗ ಚದರಸತೈತಿ."

ಹುಡುಗನ ತಾಯಿ ಗಾಬರಿಯಾದರು. "ಅಂದ್ರ ನಮ್ಮ ಹುಡುಗನ ಕಣ್ಣಾಗ ಐಬ ಐತೇನ್ರೀ?"

"ಏನಿಲ್ರೀ. ದೂರಿಂದು ಮಸಕ ಕಾಣತೈತಿ, ಅಷ್ಟ. ಹತ್ರ ಕುಂತ ಹುಡುಗಿ ಮಸ್ತ ಕಾಣತಾಳ!"

ಎಲ್ಲರೂ ನಕ್ಕರು. ಆ ಹುಡುಗನೇ ಈಗ ನನ್ನ ಗಂಡ. ಇನ್ನೇನು ಹೇಳಲಿ!

ಕಳೆದ ಬೇಸಿಗೆಯಲ್ಲಿ ನಮ್ಮ ಅತ್ತೆ, ಅಂದರೆ ಈ ಮಾವನ ಹೆಂಡತಿ, ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡರು. ಹೊರಳುವಂತಿಲ್ಲ, ಏಳುವಂತಿಲ್ಲ. ರಸ್ತೆಯಲ್ಲಿ ಹೋಗುವವರನ್ನೆಲ್ಲ ಕರೆದು ಮಾತಾಡಿಸುತ್ತಿದ್ದ ಹೆಂಗಸು, ತಲೆಯ ಹಿಂದೆಯೇ ಕಿಟಕಿ ಇದ್ದರೂ ಹೊರಗೆ ನೋಡಲಾಗದೆ ಮಾತೇ ಬಿಟ್ಟರು. ಊಟವೂ ಕಡಿಮೆಯಾಯಿತು.

ನಾನು ನೋಡಲು ಹೋದ ದಿನ ಮಾವ ತಮ್ಮ ಓದುವ ಕನ್ನಡಕ ಮುರಿದು, ರಟ್ಟಿನಿಂದ ಕಿಟಕಿ ಮುಚ್ಚಿ, ರಟ್ಟಿನ ತೂತಿಗೆ ಅದರ ಗಾಜು ಅಂಟಿಸುತ್ತಿದ್ದರು. ಕೋಣೆ ಕತ್ತಲಾಯಿತು. ನನ್ನ ಕೈಗೆ ಬಿಳಿ ಹಾಳೆ ಕೊಟ್ಟು, ಅತ್ತೆಯ ಎದೆಯ ಮೇಲೆ ಎತ್ತಿ ಹಿಡಿಸಿದರು.

"ಹಿಂದ ತಗೀ... ಇನ್ನೊಂದೀಟು... ಹಾಂ, ನಿಂದರು!"

ಹಾಳೆಯ ಮೇಲೆ ರಸ್ತೆ ಇಳಿದಿತ್ತು! ಕೆಂಪು ದಾಸವಾಳ, ಸೈಕಲ್ಲು, ಹೂವಿನ ಬುಟ್ಟಿಯವಳು, ಎಲ್ಲವೂ ಬಣ್ಣಬಣ್ಣವಾಗಿ, ತಲೆಕೆಳಗಾಗಿ.

"ಅಯ್ಯ, ಮಂದಿ ಎಲ್ಲಾ ತಲಿ ಕೆಳಗ ಮಾಡಿ ಹೊಂಟಾರಲ್ರೀ!" ಅತ್ತೆ ನಕ್ಕರು. ಎಷ್ಟು ದಿನದ ಮೇಲೆ! ಸ್ವಲ್ಪ ಹೊತ್ತು ನೋಡಿ, "ನೀವೂ ಒಮ್ಮೆ ಹೋಗಿ ಗೇಟಿನ ಕಡೆ ನಿಂದರ್ರಿ" ಎಂದರು.

ಮಾವ ತಲೆ ಬಾಚಿಕೊಂಡು ಹೊರಗೆ ಹೋದರು. ಹಾಳೆಯಲ್ಲಿ ಗೇಣುದ್ದದ ಮಾವ ಮೂಡಿದರು.

"ಕಾಣಸ್ತೇನೇನ?" ಬಿಸಿಲಿನಿಂದ ಕೂಗು ಬಂತು.

ಅತ್ತೆ ಮೆಲ್ಲಗೆ ಕೈ ಎತ್ತಿ, ಆ ಪುಟ್ಟ ಮುಖವನ್ನು ಬೆರಳಿನಿಂದ ಮುಟ್ಟಿದರು. "ಇನ್ನೂ ಸರಿಯಾಗಿ ಕಾಣವಲ್ಲದು ಅಂತ ಹೇಳವಾ" ಎಂದರು ನನಗೆ. "ಹಂಗ ನಿಂತಿರ್ಲಿ."