ಹದಿಮೂರು ಮುಖಗಳ ಫ್ಲಾಪಿ

೧೯೯೧ನೇ ಇಸವಿ ಜೂನ್ ಹದಿನೇಳು, ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ ಚಿಕ್ಕೋಡಿ ಸೀಮೆಯ ಒಂದು ಶಾಲೆಯ ಏಳನೇ ತರಗತಿಯಿಂದ ಮಾಳಸಿದ್ದನೆಂಬ ವಿದ್ಯಾರ್ಥಿಯು ನೀರು ಕುಡಿಯಲು ಎದ್ದುಹೋದನು ಮತ್ತು ಮರಳಿ ಬರಲಿಲ್ಲ. ಹಾಜರಿ ಪುಸ್ತಕದ ಪ್ರಕಾರ ಆತ ಮುಂದಿನ ಮಾರ್ಚ್ ತನಕ ಒಂದು ದಿನವೂ ತಪ್ಪಿಸದೆ ಬಂದು, ದ್ವಿತೀಯ ದರ್ಜೆಯಲ್ಲಿ ತೇರ್ಗಡೆಯಾಗಿದ್ದಾನೆ. ದಾಖಲೆಯನ್ನು ಅನುಮಾನಿಸುವ ಅಧಿಕಾರ ನಮಗಿಲ್ಲವಾದ್ದರಿಂದ ಎರಡೂ ನಿಜವೆಂದು ಇಟ್ಟುಕೊಂಡು ಮುಂದೆ ಹೋಗಬೇಕು.

ಆಮೇಲಿನ ಹದಿನೈದು ವರ್ಷ ಆತ ನಿಪ್ಪಾಣಿಯಲ್ಲಿ ತಂಬಾಕಿನ ಚೀಲ ಹೊತ್ತ, ರಾಯಬಾಗದಲ್ಲಿ ಪಂಪ್‌ಸೆಟ್ಟಿನ ಮೋಟಾರು ಸುತ್ತಿದ, ಮಿರಜದಲ್ಲಿ ರೇಡಿಯೋ ಬಿಚ್ಚಿದ, ಪುಣೆಯ ಗುಜರಿ ಅಂಗಡಿಯೊಂದರಲ್ಲಿ ಕುಳಿತು ಕಂಪ್ಯೂಟರ್ ಬಿಚ್ಚುವುದನ್ನೂ ಅಪರೂಪಕ್ಕೆ ಅದನ್ನು ತಿರುಗಿ ಕೂಡಿಸುವುದನ್ನೂ ಕಲಿತ. ಎಲ್ಲಿಯೂ ಆರು ತಿಂಗಳ ಮೇಲೆ ನಿಂತವನಲ್ಲ. ಹಿಂಗಾಗಿ ಹಿಡಿದ ಯಾವ ಕೆಲಸದ ಕೊನೆಯನ್ನೂ ಅವನು ಕಣ್ಣಾರೆ ಕಂಡಿರಲಿಲ್ಲ. ಅವನು ಸುತ್ತಿದ ಮೋಟಾರು ನೀರೆತ್ತುವ ಹೊತ್ತಿಗೆ ಅವನು ಬೇರೆ ಊರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತಿರುತ್ತಿದ್ದ.

೨೦೦೬ರ ಫೆಬ್ರವರಿಯಲ್ಲಿ ಕಾಗವಾಡಕ್ಕೆ ಬಂದಿಳಿದಾಗ ಮಾತ್ರ ಅವನೊಂದು ಹಟ ಹಿಡಿದಿದ್ದ. ಒಮ್ಮೆಯಾದರೂ ತಾನು ಕಟ್ಟಿದ್ದು ಚಾಲೂ ಆಗಬೇಕು. ಕರಿ ಪರದೆಯ ಮೇಲಿನ ಮೂಲೆಯಲ್ಲಿ ಬಿಳಿ ಗೆರೆಯೊಂದು ಮಿಣಕ್ ಮಿಣಕ್ ಅಂತ ಮಿನುಗಿ, ‘ಹೇಳಪಾ, ಏನ್ ಮಾಡ್ಲಿ?’ ಅಂತ ಕೇಳಬೇಕು. ಅದನ್ನು ನೋಡಿಯೇ ಊರು ಬಿಡುವುದು.

ಅವಕಾಶ ಕೊಟ್ಟದ್ದು ಗಡಿಸೀಮೆ ಒಣದ್ರಾಕ್ಷಿ ಬೆಳೆಗಾರರ ಶೀತಗೃಹ ಸಹಕಾರಿ ಸಂಘ. ಸಂಘವು ತನ್ನ ಹನ್ನೊಂದನೇ ಠರಾವಿನಲ್ಲಿ, ‘ಪರರ ಸಾಫ್ಟ್‌ವೇರಿಗೆ ಕೈಚಾಚುವುದು ಸಹಕಾರ ತತ್ವಕ್ಕೆ ಧಕ್ಕೆ ತರುವುದರಿಂದ ಸಂಘವು ಸ್ವಂತ ಆಪರೇಟಿಂಗ್ ಸಿಸ್ಟಮ್ ಹೊಂದತಕ್ಕದ್ದು, ಅದಕ್ಕೆ ದ್ರಾಕ್ಷಾಮಿತ್ರ ಎಂದು ಹೆಸರಿಡತಕ್ಕದ್ದು, ಸದರಿ ಮಿತ್ರನು ತೂಕದ ಚೀಟಿ ಮುದ್ರಿಸತಕ್ಕದ್ದು’ ಎಂದು ತೀರ್ಮಾನಿಸಿತ್ತು. ಅಧ್ಯಕ್ಷ ಅಣ್ಣಾಸಾಬರಿಗೆ ಯಾರೋ ಮಿರಜದಲ್ಲಿ, ಯಂತ್ರವನ್ನು ನಡೆಸುವ ಕರ್ನಲ್ ಎಂಬ ವಸ್ತು ಫುಕಟ್ ಸಿಗುತ್ತದೆಂದು ಹೇಳಿದ್ದರು. ಫುಕಟ್ ಸಿಗುವುದನ್ನು ಬಿಟ್ಟ ಅಪವಾದ ಸಂಘದ ಮೇಲೆ ಅಲ್ಲಿಯವರೆಗೆ ಬಂದಿರಲಿಲ್ಲ.

ಮಾಳಸಿದ್ದ ಸಂಘದ ಟೈಪಿಂಗ್ ಕಂಪ್ಯೂಟರಿನ ಮೇಲೆ ಕರ್ನಲ್ ಕಟ್ಟಲು ಕುಳಿತ. ಒಂಬತ್ತು ತಾಸಿನ ಕೆಲಸ. ಕರೆಂಟು ಒಂದೇ ಸವನೆ ಒಂದು ತಾಸಿಗಿಂತ ಹೆಚ್ಚು ನಿಲ್ಲದ್ದರಿಂದ ಹನ್ನೆರಡು ದಿನ ಹಿಡಿಯಿತು. ಅಲ್ಲಿಯವರೆಗೆ ತೂಕ ನೋಡುವ ಕಾಮಣ್ಣ ಎಂದಿನಂತೆ ಕಬ್ಬಿಣದ ತಕ್ಕಡಿಯಲ್ಲಿ ತೂಗಿ ಶಟರಿನ ಮೇಲೆ ಸೀಮೆಸುಣ್ಣದಿಂದ ಬರೆಯುತ್ತಿದ್ದ.

ತೂಕಕ್ಕೆಂದೇ ಗುಜರಿಯಿಂದ ತಂದ ಇನ್ನೊಂದು ಯಂತ್ರವಿತ್ತು. ಅದು ಫ್ಲಾಪಿ ಬಾಯಿಗಿಟ್ಟರೆ ಮಾತ್ರ ಏಳುತ್ತಿತ್ತು. ಕರ್ನಲ್ಲನ್ನು ಫ್ಲಾಪಿಗೆ ತುಂಬಿ ಗುಂಡಿ ಒತ್ತಿದಾಗ ಯಂತ್ರ ಎದ್ದಿತು, ನಾಲ್ಕು ಸಾಲು ಗೊಣಗಿತು, ‘ಡಿಸ್ಕು ಸಿಗವಲ್ದು, ಗಾಬರಿಯಾಗಿದೆ’ ಎಂಬರ್ಥದ ಇಂಗ್ಲಿಷು ಬರೆದು ನಿಂತುಬಿಟ್ಟಿತು.

ಕಾರ್ಯದರ್ಶಿ ರಾಜಾರಾಮ ನಿಯಮ ತಿಳಿದವನು. ಕರ್ತವ್ಯದ ವೇಳೆ ಗಾಬರಿಗೊಂಡದ್ದಕ್ಕೆ ಏಳು ದಿನದೊಳಗೆ ಸಮಜಾಯಿಷಿ ನೀಡುವಂತೆ ಯಂತ್ರಕ್ಕೆ ನೋಟೀಸು ಬರೆದು ಅದರ ಹೊಟ್ಟೆಯ ಮೇಲೆ ಅಂಟಿಸಿದ. ಎಂಟನೇ ದಿನ, ‘ಉತ್ತರ ಬಂದಿಲ್ಲ, ತಪ್ಪೊಪ್ಪಿಗೆ ಎಂದು ಭಾವಿಸಲಾಗಿದೆ’ ಎಂದು ಷರಾ ಹಾಕಿದ.

“ಅದರ ತಪ್ಪಿಲ್ರಿ, ನಂದೈತಿ” ಅಂದ ಮಾಳಸಿದ್ದ. “ನಮ್ಮ ಕೋಲ್ಡ್ ಸ್ಟೋರೇಜ್ ತೆಗಿಯೋ ವಾಚಮನ್ ಅದಾನಲ್ರಿ, ಅವನ ಕಿಸೇದಾಗ ಕೀಲಿಕೈ ಇರಬೇಕಲ್ರಿ? ಈ ಕರ್ನಲ್ ಅಂದ್ರ ಆ ವಾಚಮನ್ ಇದ್ಧಾಂಗ. ಡಿಸ್ಕು ಅಂದ್ರ ಕೋಲ್ಡ್ ಸ್ಟೋರೇಜ್. ಅದರ ಕೀಲಿಕೈ ಅದರೊಳಗ ಇಟ್ಟು ಬಾಗಿಲಾ ಹಾಕೇವಿ. ಇಂವ ಹೊರಗ ನಿಂತು ಗಾಬರಿ ಆಗ್ಯಾನ.”

“ಮತ್ತ ಕಿಸೆ ಎಲ್ಲೈತಿ?” ಅಂದ ರಾಜಾರಾಮ.

“ಅದನ್ನ ಹೊಲೀಬೇಕ್ರಿ. ಬೂಟ್ ಇಮೇಜ್ ಅಂತಾರ. ಯಂತ್ರ ಏಳೂವಾಗ ಬೇಕಾಗೂ ನಾಕು ಸಾಮಾನು, ಅದರ ಜೊತಿಗೆ ಆ ಕೀಲಿಕೈ.”

ಹೊಲಿದ. ಯಂತ್ರ ಮತ್ತೆ ಗಾಬರಿಗೊಂಡಿತು. ಎರಡು ದಿನ ತಲೆ ಕೆರೆದುಕೊಂಡ ಮೇಲೆ ತಿಳಿಯಿತು: ಕಿಸೆ ಹೊಲಿಯುವ ಸಾಧನವು ಟೈಪಿಂಗ್ ಯಂತ್ರದಲ್ಲಿದ್ದ ಹಳೇ ಕರ್ನಲ್ಲಿನ ಕೀಲಿಕೈ ತಂದು ಹಾಕುತ್ತಿತ್ತು. ಹೊಸ ಕರ್ನಲ್ಲು ಅದರ ನಂಬರು ನೋಡಿ ಮುಟ್ಟುತ್ತಿರಲಿಲ್ಲ. ಇದನ್ನು ಆಡಳಿತ ಮಂಡಳಿಗೆ ವಿವರಿಸಬೇಕಾಗಲೇ ಇಲ್ಲ.

“ಅಥಣಿ ರೇಶನ್ ಕಾರ್ಡ್ ರಾಯಬಾಗದಾಗ ನಡೀತೈತೇನು? ಬರೋಬರ್ ಐತಿ ಅದು” ಎಂದು ಅಣ್ಣಾಸಾಬರು ಯಂತ್ರದ ನಡತೆಯನ್ನು ಮೆಚ್ಚಿ, ನೋಟೀಸು ಹಿಂಪಡೆದರು.

ಮಾಳಸಿದ್ದ ಸರಿಯಾದ ಕೀಲಿಕೈ ಹಾಕಿ ಇಮೇಜ್ ಸಿದ್ಧಮಾಡಿದ. ಇನ್ನು ಫ್ಲಾಪಿಗೆ ಬರೆದು ಗುಂಡಿ ಒತ್ತುವುದೊಂದೇ ಬಾಕಿ. ಅಷ್ಟರಲ್ಲಿ ಮಂಡಳಿಯ ಸಭೆಯಲ್ಲಿ ಅಣ್ಣಾಸಾಬರು ಕೇಳಿದರು: “ಮಷೀನ ಏಳೂವಾಗ ಮೊದಲ ಯಾರ ಫೋಟೋ ಬರತೈತಿ?”

“ಯಾರದೂ ಬರೂದಿಲ್ರಿ.”

ಅಥಣಿ ರಸ್ತೆಯಲ್ಲಿ ಚಹಾದಂಗಡಿ ತೆರೆದರೂ ಫ್ಲೆಕ್ಸಿನ ಮೇಲೆ ಇಪ್ಪತ್ತು ಮುಖವಿರುತ್ತವೆ. ಎಮ್ಮೆ ಈದರೆ ಶುಭ ಕೋರುವವರ ಮುಖ ಎಮ್ಮೆಗಿಂತ ದೊಡ್ಡದಿರುತ್ತದೆ. ಹಂಗಿದ್ದ ಮೇಲೆ ಮುಖವಿಲ್ಲದೆ ಏಳುವ ಯಂತ್ರವನ್ನು ನಂಬುವುದು ಹೇಗೆ? ಹದಿಮೂರೂ ನಿರ್ದೇಶಕರ ಭಾವಚಿತ್ರಗಳನ್ನು ಇಮೇಜಿನಲ್ಲಿ ಅಳವಡಿಸತಕ್ಕದ್ದೆಂದು ಠರಾವಾಯಿತು.

ಮಾಳಸಿದ್ದ ಲೆಕ್ಕ ಹಾಕಿದ. ಫ್ಲಾಪಿಯಲ್ಲಿ ಕರ್ನಲ್ ಕುಳಿತ ಮೇಲೆ ಉಳಿಯುವುದು ನಾನೂರಾ ಮೂವತ್ತು ಕಿಲೋಬೈಟು. ಸಾಮಾನಿಗೆ ನೂರಾ ಎಂಬತ್ತು, ಕೀಲಿಕೈಗೆ ಅರವತ್ತೊಂದು, ಮುಖವೊಂದಕ್ಕೆ ಹದಿನೆಂಟರಂತೆ ಇನ್ನೂರಾ ಮೂವತ್ನಾಲ್ಕು. ನಲವತ್ತೈದು ಹೆಚ್ಚಾಗುತ್ತಿತ್ತು.

“ಮೂರು ಮಂದಿ ಇಳೀಬೇಕ್ರಿ” ಅಂದ.

ಯಾರೂ ಕಣ್ಣು ಮಿಟುಕಿಸಲಿಲ್ಲ. ಕಡೆಗೆ ಸೋನಾಬಾಯಿ ಎದ್ದರು. ಹದಿಮೂರು ಮಂದಿಯಲ್ಲಿ ಅವರೊಬ್ಬರೇ ಹೆಂಗಸು, ಮತ್ತು ಸ್ವತಃ ದ್ರಾಕ್ಷಿ ಬೆಳೆಯುವವರೂ ಅವರೊಬ್ಬರೇ. “ನನ್ನ ಮಾರಿ ತೆಗೀರಿ. ನನ್ನ ಒಣದ್ರಾಕ್ಷಿ ಚೀಲ ಬಿಸಲಾಗ ನಿಂತಾವ. ಚೀಟಿ ಬಂದ್ರ ಸಾಕು.”

“ತೆಗ್ಯಾಕ ಬರೂದಿಲ್ಲವ್ವಾ” ಅಂದ ರಾಜಾರಾಮ ಮೆಲ್ಲಗೆ. “ನೀವು ಮಹಿಳಾ ಮೀಸಲು. ನಿಮ್ಮನ್ನ ತೆಗೆದ್ರ ಫ್ಲಾಪಿನ ಕಾಯ್ದೆಬಾಹಿರ ಆಗತೈತಿ.”

“ಎರಡು ಫ್ಲಾಪಿ ಮಾಡೋಣ್ರಿ” ಅಂದ ಮಾಳಸಿದ್ದ. “ಮೊದಲನೇದು ಮುಗಿದ ಮ್ಯಾಲೆ ಎರಡನೇದು ಹಾಕೂದು.”

“ಎರಡನೇ ಫ್ಲಾಪಿಗೆ ಹೋಗಾಂವ ಯಾಂವಲೇ?” ಅಂದರು ಅಣ್ಣಾಸಾಬರು. ಎರಡನೇ ಫ್ಲಾಪಿಗೆ ಹೋಗುವವನು ಯಾವನೂ ಇರಲಿಲ್ಲ.

ಮಧ್ಯಾಹ್ನದ ಊಟವಾದ ಮೇಲೆ ರಾಜಾರಾಮ ಒಂದು ಮಾತು ಸಭೆಯ ಗಮನಕ್ಕೆ ತಂದ. ಇಮೇಜಿನಲ್ಲಿರುವ ವಸ್ತುಗಳ ಪೈಕಿ ಬಂಧುಬಳಗವಾಗಲಿ, ಗುಂಪಾಗಲಿ, ಮುಂದಿನ ಚುನಾವಣೆಯಲ್ಲಿ ಮತವಾಗಲಿ ಇಲ್ಲದ್ದು ಡಿಸ್ಕಿನ ಕೀಲಿಕೈ ಮಾತ್ರ. ಅದನ್ನು ತೆಗೆದರೆ ಹದಿಮೂರು ಮುಖ ಹಿಡಿದು ಇನ್ನೂ ಹದಿನಾರು ಕಿಲೋಬೈಟು ಉಳಿಯುತ್ತದೆ. ಠರಾವು ಸರ್ವಾನುಮತದಿಂದ ಪಾಸಾಯಿತು. ಸೋನಾಬಾಯಿಯ ವಿರೋಧವನ್ನು ಸರ್ವಾನುಮತದಲ್ಲಿ ಸೇರಿಸಿಕೊಳ್ಳಲಾಯಿತು. ಉಳಿದ ಹದಿನಾರರಲ್ಲಿ ಅಧ್ಯಕ್ಷರ ಹುಟ್ಟುಹಬ್ಬದ ಶುಭಾಶಯ ಕೂಡಿಸಲಾಯಿತು.

“ಕೀಲಿಕೈ ಇಲ್ಲದ ವಾಚಮನ್ ಏನ್ ಮಾಡ್ಯಾನ್ರಿ?” ಎಂದು ಮಾಳಸಿದ್ದ ಅಂಗಲಾಚಿದ.

“ಬಾಗಲದಾಗ ಚಂದಾಗಿ ನಿಲ್ತಾನ” ಅಂದರು ಅಣ್ಣಾಸಾಬರು.

ಹಂಗೇ ನಿಂತಿತು. ಏಪ್ರಿಲ್ ಒಂಬತ್ತರಂದು ಉದ್ಘಾಟನೆಯಾಯಿತು. ಯಂತ್ರ ಎದ್ದಿತು, ಹದಿಮೂರು ಮುಖ ಮೂಡಿದವು, ಚಪ್ಪಾಳೆ ಬಿತ್ತು, ಅಡಿಯಲ್ಲಿ ಸಣ್ಣಕ್ಷರದ ಗಾಬರಿ ಬಂದು ಯಂತ್ರ ನಿಂತಿತು. ‘ಯಂತ್ರವು ಮಂಡಳಿಯ ದರ್ಶನ ಪಡೆದು ಭಾವಪರವಶವಾಯಿತು’ ಎಂದು ನಡಾವಳಿಯಲ್ಲಿ ದಾಖಲಾಯಿತು. ಫ್ಲಾಪಿಯ ಬಾಯಿಗೆ ಅರಗಿನ ಮುದ್ರೆ ಬಿತ್ತು. ಬೆಳೆಗಾರರು ಬಂದು ಮುಖ ನೋಡಿ ಕೈಮುಗಿದು, ಕಾಮಣ್ಣನ ತಕ್ಕಡಿಯ ಕಡೆಗೆ ಹೋಗುವುದು ರೂಢಿಯಾಯಿತು.

“ಅರ್ಧಾ ತಾಸು ಆ ಫ್ಲಾಪಿ ಕೊಡ್ರಿ. ಒಮ್ಮಿ ಚಾಲೂ ಆಗಿದ್ದು ನೋಡಿ ನಿಮಗ ತಿರುಗಿ ಕೊಡ್ತೇನಿ” ಅಂದ ಮಾಳಸಿದ್ದ.

“ಚಾಲೂ ಆಗೇತಿ ಅಂತ ಠರಾವಾಗೈತಿ” ಅಂದ ರಾಜಾರಾಮ. “ಚಾಲೂ ಆಗಿದ್ದನ್ನ ಮತ್ತ ಚಾಲೂ ಮಾಡಾಕ ನೇಮದಾಗ ಅವಕಾಶಿಲ್ಲ.”

ಒಂದೇ ತೊಡಕು ಉಳಿಯಿತು. ಕರೆಂಟು ಹೋದಾಗ ಮಂಡಳಿ ಪೂರಾ ಮಾಯವಾಗುತ್ತಿತ್ತು. ದಿನಕ್ಕೆ ಏಳೆಂಟು ಸಲ ತಾವು ಕಾಣೆಯಾಗುವುದು ಅಣ್ಣಾಸಾಬರಿಗೆ ಸರಿಬರಲಿಲ್ಲ. ರಾಜಾರಾಮ ಅಥಣಿಯಿಂದ ಅದೇ ಹದಿಮೂರು ಮುಖಗಳ ತೆಳ್ಳನೆಯ ಫ್ಲೆಕ್ಸು ಮಾಡಿಸಿ ಪರದೆಯ ಮೇಲೆ ಅಂಟಿಸಿದ. ಅಂದಿನಿಂದ ದ್ರಾಕ್ಷಾಮಿತ್ರನು ಲೋಡ್‌ಶೆಡ್ಡಿಂಗಿನಲ್ಲಿಯೂ ಕಾರ್ಯನಿರ್ವಹಿಸುವ ಏಕೈಕ ಕಂಪ್ಯೂಟರ್ ಎನಿಸಿದನು. ರಾಯಬಾಗ, ನಿಪ್ಪಾಣಿ ಕಡೆಯ ಸಂಘಗಳವರು ಬಂದು ಫ್ಲೆಕ್ಸಿನ ಅಳತೆ ಬರೆದುಕೊಂಡು ಹೋದರು. ಫ್ಲಾಪಿಯನ್ನು ಮುದ್ರೆ ಒಡೆದು ನಿರುಪಯುಕ್ತ ವಸ್ತುಗಳ ಯಾದಿಗೆ ಸೇರಿಸಲಾಯಿತು.

ಯಾದಿಯಿಂದ ಅದು ಮಾಳಸಿದ್ದನ ಕೈಗೆ ಬಂತು. ಅವನು ಮುಖಗಳನ್ನು ಅಳಿಸಿದ, ಕೀಲಿಕೈ ಹಾಕಿದ, ಸಂಘವೆಲ್ಲ ಚಹಾಕ್ಕೆ ಹೋದ ಹೊತ್ತು ನೋಡಿ ಫ್ಲಾಪಿ ತುರುಕಿ ಗುಂಡಿ ಒತ್ತಿದ. ಫ್ಲೆಕ್ಸಿನ ಹಿಂದೆ ಏನಾಗುತ್ತಿದೆಯೋ ಕಾಣುವಂತಿರಲಿಲ್ಲ. ಫ್ಲಾಪಿ ಕರಕರ ಅಂತು. ಸುಮ್ಮನಾಯಿತು. ಆಮೇಲೆ, ಮೊದಲ ಬಾರಿಗೆ, ಡಿಸ್ಕು ಗುಂಯ್ ಅಂತ ತಿರುಗಿತು. ಮಾಳಸಿದ್ದ ಉಸಿರು ಹಿಡಿದು ಬಗ್ಗಿದ.

ಮೇಲಿನ ಸಾಲಿನ ಮೂಲೆಯಲ್ಲಿದ್ದ ಅಣ್ಣಾಸಾಬರ ಎಡಗಣ್ಣು ಬೆಳಗಿತು. ಆರಿತು. ಬೆಳಗಿತು.

ಚಹಾ ಮುಗಿಸಿ ಬಂದ ಕಾಮಣ್ಣ ಬಾಗಿಲಲ್ಲೇ ನಿಂತ. “ಅರೇ ಬಾಪ್ ರೇ! ಅಧ್ಯಕ್ಷರು ಕಣ್ಣು ಹೊಡಿಯಾಕತ್ತಾರ!”

ಮಂಡಳಿ ನೆರೆಯಿತು. ಅಣ್ಣಾಸಾಬರು ತಮ್ಮನ್ನು ತಾವೇ ಬಹಳ ಹೊತ್ತು ನೋಡಿದರು. “ಇದು ಏನಂತಾ ಕೇಳತೈತಿ?” ಅಂದರು.

“ಏನ್ ಮಾಡ್ಲಿ ಅಂತ ಕೇಳಾಕತ್ತೈತ್ರಿ” ಅಂದ ಮಾಳಸಿದ್ದ. “ಈಗ ಆ ಫ್ಲೆಕ್ಸ್ ತೆಗೆದ್ರ ತೂಕದ ಚೀಟಿ ಕೊಡತೈತಿ.”

“ಏನೂ ಮಾಡೂದ ಬ್ಯಾಡ, ಹಿಂಗ ಇರು ಅಂತ ಹೇಳು.”

“ಮುದುಕಗ ಇದೊಂದ ಕಡಿಮಿ ಬಿದ್ದಿತ್ತು” ಅಂದರು ಸೋನಾಬಾಯಿ. ಆದರೂ ಅವರೇ ಮೊದಲು ನಕ್ಕದ್ದು.

ಅಧ್ಯಕ್ಷರ ಎಡಗಣ್ಣು ಕಚೇರಿ ವೇಳೆಯಲ್ಲಿ ಮಿಟುಕುವುದನ್ನು ಸಂಘದ ಅಧಿಕೃತ ಸೌಲಭ್ಯವೆಂದು ಠರಾಯಿಸಲಾಯಿತು. ಮರುದಿನದಿಂದ ಬೆಳೆಗಾರರು ಕೈಮುಗಿಯುವುದನ್ನು ಬಿಟ್ಟು, ಬಂದವರೆಲ್ಲ ಒಮ್ಮೆ ಯಂತ್ರಕ್ಕೆ ತಿರುಗಿ ಕಣ್ಣು ಹೊಡೆದು ಕಾಮಣ್ಣನ ಕಡೆಗೆ ಹೋಗತೊಡಗಿದರು. ಮಾಳಸಿದ್ದನನ್ನು ‘ಕಣ್ಣಿನ ಮೇಲ್ವಿಚಾರಕ’ ಹುದ್ದೆಗೆ ಕಾಯಂ ಮಾಡಿದ ಆದೇಶವನ್ನು ರಾಜಾರಾಮ ತಾನೇ ತಂದುಕೊಟ್ಟ.

ಮಾಳಸಿದ್ದ ಆದೇಶವನ್ನು ಎರಡು ಸಲ ಓದಿ, ನಾಲ್ಕಾಗಿ ಮಡಚಿ, ಅದರೊಳಗೆ ಸ್ಕ್ರೂಡ್ರೈವರ್ ಸುತ್ತಿ ಚೀಲದ ತಳಕ್ಕೆ ಇಟ್ಟ. ಮೇಲೆ ಎರಡು ಅಂಗಿ, ಒಂದು ಟವೆಲ್ಲು ಹಾಕಿದ. ಅಣ್ಣಾಸಾಬರ ಎಡಗಣ್ಣು ಒಂದೇ ಸವನೆ ಮಿಟುಕುತ್ತಿತ್ತು. ಅದನ್ನೇ ನೋಡುತ್ತ, ಅವಸರವಿಲ್ಲದೆ, ಅವನು ಕಚೇರಿಯ ಮೂಲೆಯಲ್ಲಿದ್ದ ತನ್ನ ಹಾಸಿಗೆ ಸುತ್ತತೊಡಗಿದ.