ಹೂಗ್ಯಂಗೆ ಆಕಾಶಮಾರ್ಗದ ದೂರ

ಬೆಟ್ಟದಾಚೆಯ ಹೂಗ್ಯಂ ಎಂಬ ಹಳ್ಳಿಯ ದೀಪ ಎಂಬ ಹುಡುಗಿಯ ಹಾಸ್ಟೆಲ್ ಸೀಟನ್ನು ಕೊಳ್ಳೇಗಾಲದ ಒಂದು ಕಚೇರಿ ಕಿತ್ತುಕೊಂಡಿತು. ಹಾಡಹಗಲಲ್ಲಿ, ಸೀಲು ಹಾಕಿ, ನಿಯಮದ ಪ್ರಕಾರವೇ ಕಿತ್ತುಕೊಂಡಿತು.

ನಿಯಮ ಸರಳ: ಐವತ್ತು ಕಿಲೋಮೀಟರಿಗಿಂತ ದೂರದ ಹುಡುಗಿಯರಿಗೆ ಮಾತ್ರ ಸೀಟು. ದೀಪಳ ತಾಯಿ ದೊಡ್ಡಮಾದಮ್ಮ ಬಸ್ಸು ಬದಲಿಸಿ, ಸೊಂಟ ಹಿಡಿದುಕೊಂಡು ಬಂದಿಳಿದವಳು. ದೂರದ ಬಗ್ಗೆ ಅವಳಿಗೆ ಅನುಮಾನವೇ ಇರಲಿಲ್ಲ. ಸೀಟು ಸಿಕ್ಕರೆ ಮಗಳು ಪಿಯುಸಿ ಓದುತ್ತಾಳೆ. ಸಿಗದಿದ್ದರೆ ತನ್ನ ಜೊತೆ ಕೂಲಿಗೆ ಬಂದು ಕಳೆ ಕೀಳುತ್ತಾಳೆ.

ಅಧಿಕಾರಿ ಮಹದೇವಪ್ರಸಾದ್ ಕಂಪ್ಯೂಟರ್ ನೋಡಿ, "ನಲವತ್ತೈದೇ ಕಿಲೋಮೀಟರ್ ಕಣಮ್ಮ. ಸೀಟು ಬರಲ್ಲ," ಎಂದರು.

"ಅದೆಂಗೆ ಸಾ? ಒತ್ತಾರೆ ಒಂಟವ್ರು ಈಗ ಬಂದ್ವಿ!"

"ಅದು ಬಸ್ಸಿನ ತೊಂದರೆ. ದೂರದ್ದಲ್ಲ."

ಸಾಹೇಬರು ಹಾಸ್ಟೆಲ್ ಸುಧಾರಣೆಯನ್ನು ಅಧ್ಯಯನ ಮಾಡಲು, ಹೆಂಡತಿ ಮಕ್ಕಳ ಸಮೇತ, ದೆಹಲಿಗೆ ಹೋಗಿಬಂದಿದ್ದರು. ಹೊರಡುವ ಮುಂಚೆ ಬೆಂಗಳೂರಿನಿಂದ ದೆಹಲಿಗೆ ವಿಮಾನದಲ್ಲಿ ಎಷ್ಟು ದೂರ ಎಂದು ಒಂದು ವೆಬ್‌ಸೈಟಿನಲ್ಲಿ ನೋಡಿದ್ದರು. ಎರಡು ಊರಿನ ಹೆಸರು ಒತ್ತಿದರೆ ಸಾಕು, ನಡುವೆ ನೇರ ಗೆರೆ. ತಿರುವಿಲ್ಲ, ಗುಂಡಿಯಿಲ್ಲ, ತಕರಾರಿಲ್ಲ. ಅಧ್ಯಯನದಿಂದ ನಾಡಿಗೆ ದಕ್ಕಿದ್ದು ಅದೊಂದೇ. ಮರಳಿದ ಕೂಡಲೇ ಸುತ್ತೋಲೆ ಹೊರಟಿತು: "ಇನ್ನು ಮುಂದೆ ಆಕಾಶಮಾರ್ಗದ ದೂರವನ್ನೇ ದೂರವೆಂದು ಪರಿಗಣಿಸತಕ್ಕದ್ದು. ರಸ್ತೆಯು ತನ್ನಿಚ್ಛೆಯಂತೆ ಸುತ್ತಿ ಬಳಸಿ ಹೋದಲ್ಲಿ ಅದಕ್ಕೆ ಈ ಕಚೇರಿಯು ಹೊಣೆಯಲ್ಲ."

"ನಡುವೆ ಬೆಟ್ಟ ಐತೆ ಸಾ. ಆನೆ ಅವೆ."

"ಆನೆ ನೆಲದ ಮೇಲೆ ತಾನೇ ಇರೋದು?"

ದೊಡ್ಡಮಾದಮ್ಮನಿಗೆ ಮೈ ಉರಿಯಿತು. "ಅಂಗಾರೆ ನಮ್ ಕೂಸು ರೆಕ್ಕೆ ಕಟ್ಕಂಡು ಬರ್ಬೇಕಾ?"

"ಹೇಗೆ ಬರಬೇಕು ಅನ್ನೋದು ಅಭ್ಯರ್ಥಿಯ ಸ್ವಾತಂತ್ರ್ಯ. ಅದಕ್ಕೆ ನಾವು ಕೈ ಹಾಕಲ್ಲ."

ಮೊದಲ ಸೀಟು ಪದ್ಮಿನಿಗೆ ಹೋಯಿತು. ಸಾಹೇಬರ ನಾದಿನಿಯ ಮಗಳು. ಮನೆ ಹಾಸ್ಟೆಲಿನ ಹಿಂದಿನ ಬೀದಿಯಲ್ಲಿ. ಆದರೆ ಅರ್ಜಿಯಲ್ಲಿ ಕೊಟ್ಟದ್ದು ದೆಹಲಿಯ ಸೋದರಮಾವನ ವಿಳಾಸ. ಆಕಾಶಮಾರ್ಗದಲ್ಲಿ ಸಾವಿರದ ಎಂಟುನೂರು ಕಿಲೋಮೀಟರ್! ಅಷ್ಟು ದೂರದ ಮಗುವಿಗೆ ಇಲ್ಲವೆನ್ನಲು ಯಾರಿಗೆ ಮನಸ್ಸು ಬರುತ್ತದೆ? ಹಾಸ್ಟೆಲ್ ಊಟ ಸೇರದೆ ಆಕೆ ದಿನಾ ಸಂಜೆ ಮನೆಗೆ ಹೋಗಿ ಉಂಡು ಬರುತ್ತಾಳೆ. ವಾರ್ಡನ್ ಅದನ್ನು "ದೆಹಲಿಗೆ ಹೋಗಿ ಬಂದರು" ಎಂದು ಶ್ರದ್ಧೆಯಿಂದ ಬರೆದಿಡುತ್ತಾರೆ.

ದೊಡ್ಡಮಾದಮ್ಮ ಊರಿಗೆ ಮರಳುವಷ್ಟರಲ್ಲಿ ಸುತ್ತೋಲೆ ಅಲ್ಲಿಗೂ ಮುಟ್ಟಿತ್ತು.

"ಬುಡಕ್ಕ, ಗೌರ್ಮೆಂಟೇ ಅತ್ರ ಅಂದ್ಮೇಲೆ ಅತ್ರಾನೇ ಕಣಕ್ಕ," ಎಂದ ಪಂಚಾಯಿತಿ ಮೆಂಬರ್ ನಿಂಗರಾಜು.

"ಅಂಗಾದ್ರೆ ನಾಳಿಕೆ ನೀನೇ ಒಂದ್ಸಲ ನಡ್ಕಂಡು ಓಗಿ ಬಾರ್ಲಾ," ಎಂದಳು ಅವಳು. ಜಗಲಿಯ ಮೇಲೆ ಕೂತಿದ್ದವರು ನಕ್ಕರು, ಆಮೇಲೆ ನಿಂಗರಾಜು ಹೇಳಿದ್ದೇ ಸರಿ ಎಂದರು. ಕೊಳ್ಳೇಗಾಲ ಇಷ್ಟು ಹತ್ತಿರವಿರುವಾಗ ಎರಡು ಬಸ್ಸು ಏಕೆಂದು ಬಸ್ ಡಿಪೋದವರು ಒಂದನ್ನು ನಿಲ್ಲಿಸಿದರು. ಅದನ್ನೂ ಯಾರೂ ಕೇಳಲಿಲ್ಲ. ದೀಪ ಈಗ ಹೊಲದಲ್ಲಿ ಕಳೆ ಕೀಳುತ್ತಿದ್ದಾಳೆ.

ಓದಿ ನಕ್ಕಿರಾ? ನಕ್ಕಿದ್ದು ಸಾಕು. ಹನೂರು, ಯಳಂದೂರು, ಕೊಳ್ಳೇಗಾಲದವರೆಲ್ಲ ಸೋಮವಾರ ಆ ಕಚೇರಿಗೆ ಬನ್ನಿ. ಬಾಗಿಲಿಗೆ ಅಡ್ಡ ಕೂತುಕೊಳ್ಳಿ. ದೀಪಳ ಸೀಟನ್ನು ಬರೆದು ಕೈಗೆ ಕೊಡುವವರೆಗೂ ಏಳಬೇಡಿ.