ನನ್ನ ವಾರ್ಲಾಕಿಗೆ ಎರಡನೇ ಕಸುಬು

ತೀರ್ಮಾನ ತೆಗೆದುಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರು ಸುಲ್ತಾನ್ ಬತ್ತೇರಿ ಪೇಟೆಯಲ್ಲಿ ಯಾರೂ ಇಲ್ಲ. ಕೆಟ್ಟ ಪಂಪ್‌ಸೆಟ್ಟನ್ನು ನನ್ನ ಅಂಗಡಿ ಮುಂದೆ ಜೀಪಿನಿಂದ ಇಳಿಸುವಷ್ಟರಲ್ಲೇ, "ಬೇರಿಂಗ್ ಹೋಗಿದೆ" ಅಥವಾ "ವೈಂಡಿಂಗ್ ಸುಟ್ಟಿದೆ" ಎಂದು ಕೂತಲ್ಲಿಂದಲೇ ತೀರ್ಪು ಕೊಡುವವನು ನಾನು. ಇಂಥವನಿಗೆ ಒಬ್ಬ ವಾರ್ಲಾಕಿಗೆ ಎರಡನೇ ಕಸುಬು ಆರಿಸುವುದು ಯಾವ ಮಹಾ ಕೆಲಸ! ಒಂದು ಸಂಜೆ ಸಾಕು ಅಂದುಕೊಂಡೆ.

ವಾರ್ಲಾಕ್ ಯಾರೆಂದು ಗೊತ್ತಿಲ್ಲದ ಪುಣ್ಯವಂತರಿಗೆ ಎರಡು ಮಾತು. ಇದೊಂದು ಮೇಜಿನ ಆಟ. ಒಬ್ಬ ಕಥೆ ಹೇಳುತ್ತಾ ಹೋಗುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ ಆ ಕಥೆಯೊಳಗೆ ನುಗ್ಗಿ, ದಾಳ ಉರುಳಿಸಿ, ದೈತ್ಯರಿಂದ ಒದೆ ತಿನ್ನುತ್ತಾರೆ. ನಮ್ಮಲ್ಲಿ ಕಥೆ ಹೇಳುವವನು ಪಕ್ಕದ ಮನೆಯ ಜೋಬಿ. ಎರ್ನಾಕುಲಕ್ಕೆ ಓದಲು ಹೋದವನು ಡಿಗ್ರಿಯ ಜತೆ ಈ ಆಟವನ್ನೂ ಕಲಿತು ಬಂದ. ಡಿಗ್ರಿ ಇನ್ನೂ ಉಪಯೋಗಕ್ಕೆ ಬಂದಿಲ್ಲ. ಬೇಕರಿಯ ಷಮೀರ್ ಕತ್ತಿ ಹಿಡಿದ ಫೈಟರ್. ನನ್ನ ಹೆಂಡತಿ ಸುನಂದಾ ಕ್ಲೆರಿಕ್, ಅಂದರೆ ದೇವರನ್ನು ನೆನೆದು ಬಿದ್ದವರ ಗಾಯ ವಾಸಿ ಮಾಡಿ ಎಬ್ಬಿಸುವವಳು. ನಾನು ವಾರ್ಲಾಕ್: ಯಾವುದೋ ಕತ್ತಲೆಯ ದೊಡ್ಡ ಶಕ್ತಿಯೊಂದಿಗೆ ಒಪ್ಪಂದ ಮಾಡಿಕೊಂಡು, ಓದದೆ, ಬೆವರು ಸುರಿಸದೆ, ಮಂತ್ರವಿದ್ಯೆ ಗಿಟ್ಟಿಸಿಕೊಂಡ ಮಹಾನುಭಾವ. ಈ ಪಾತ್ರವನ್ನು ನನಗೆ ಆರಿಸಿಕೊಟ್ಟವಳು ಸುನಂದಾಳೇ.

"ನಿಮಗೆ ಇದೇ ಸರಿ," ಅಂದಿದ್ದಳು. "ಕಷ್ಟ ಪಡೋ ಹಾಗಿಲ್ಲ."

ನಾನು ಅದನ್ನು ಹೊಗಳಿಕೆ ಎಂದೇ ಸ್ವೀಕರಿಸಿದ್ದೆ.

ಸುನಂದಾ ಗುಂಡ್ಲುಪೇಟೆಯಲ್ಲಿ ಹೈಸ್ಕೂಲ್ ಟೀಚರ್. ಅಲ್ಲೇ ಇನ್ನೊಬ್ಬ ಟೀಚರ್ ಜತೆ ಒಂದು ಕೋಣೆಯಲ್ಲಿದ್ದಾಳೆ. ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟ ಮೇಲೆ ಬಸ್ ಹತ್ತಿ, ಕಾಡು ದಾಟಿ, ಮುತ್ತಂಗ ಚೆಕ್‌ಪೋಸ್ಟ್ ದಾಟಿ ಮನೆಗೆ ಬರುವುದು. ಭಾನುವಾರ ಸಂಜೆ ವಾಪಸ್ಸು. ರಾತ್ರಿ ಕಾಡಿನ ದಾರಿಗೆ ಗೇಟ್ ಬೀಳುವುದರಿಂದ ಬಸ್ ತಪ್ಪಿದರೆ ಸೋಮವಾರದ ಪಾಠವೂ ತಪ್ಪಿದಂತೆ. ಮನೆಯಲ್ಲಿ ನಾವಿಬ್ಬರೇ. ವಾರಕ್ಕೊಂದು ದಿನ ಸಿಗುವ ಗಂಡ ಆ ದಿನವೂ ಫೋನ್ ನೋಡುತ್ತಾ ಮಲಗಿರುತ್ತಾನೆ ಎಂದು ಬೇಸತ್ತೇ ಅವಳು ಜೋಬಿಯ ಆಟಕ್ಕೆ ಒಪ್ಪಿದ್ದು. "ಅಷ್ಟು ಹೊತ್ತಾದರೂ ನನ್ನ ಮುಖ ನೋಡ್ತೀರಲ್ಲ" ಅಂದಿದ್ದಳು.

ಈಗ ಅವಳ ಜತೆಗಿದ್ದ ಟೀಚರಿಗೆ ಮದುವೆ ಗೊತ್ತಾಗಿ ಕೋಣೆ ಬಿಡಬೇಕಾಗಿ ಬಂತು. ಸುನಂದಾ ಅಲ್ಲೊಂದು ಮನೆ ನೋಡಿದಳು. ಎರಡು ಕೋಣೆ, ಹಿತ್ತಿಲು, ಬಾವಿ. ಅದೇ ಬೀದಿಯ ತುದಿಯಲ್ಲಿ ಒಂದು ಖಾಲಿ ಮಳಿಗೆಯನ್ನೂ ನೋಡಿ ಬಂದಳು, ನನ್ನ ಅಂಗಡಿಗೆ. ಅಲ್ಲಿಂದಲೇ ಫೋನ್ ಮಾಡಿದಳು.

"ಇಲ್ಲಿ ಎಲ್ಲ ಬೋರ್‌ವೆಲ್ಲೇ ರೀ. ಪಂಪ್ ರಿಪೇರಿಗೆ ಜನ ಮೈಸೂರಿಗೆ ಹೋಗ್ತಾರೆ. ನೀವು ಬಂದ್ರೆ ಈ ಬಸ್ಸಲ್ಲಿ ಸಾಯೋದು ತಪ್ಪುತ್ತೆ. ಒಟ್ಟಿಗೆ ಇರ್ಬಹುದು. ಬರ್ತೀರಾ, ಇಲ್ವಾ? ಮನೆ ಮಾಲೀಕರಿಗೆ ತಿಂಗಳ ಕೊನೆಗೆ ಹೇಳ್ಬೇಕು."

ಎಷ್ಟು ನೇರವಾದ ಪ್ರಶ್ನೆ! ಮನೆಯೂ ಅವಳೇ ನೋಡಿದ್ದಾಳೆ, ಮಳಿಗೆಯೂ ಅವಳೇ ನೋಡಿದ್ದಾಳೆ. ನಾನು ಕೊಡಬೇಕಾದದ್ದು ಒಂದು ಹ್ಞೂಂ ಅಥವಾ ಒಂದು ಉಹ್ಞೂಂ. "ನೋಡೋಣ" ಅಂದೆ. ಅದೇ ವಾರ ನನ್ನ ವಾರ್ಲಾಕ್ ಒಂದು ಹಂತ ಮೇಲೇರಿದ್ದ.

ವಾರ್ಲಾಕಿನ ಕಷ್ಟ ಹೇಳಿದರೆ ಕಲ್ಲೂ ಕರಗಬೇಕು. ಸಣ್ಣಪುಟ್ಟದ್ದು ಬಿಟ್ಟರೆ ಅವನ ಕೈಯಲ್ಲಿರುವುದು ಎರಡು ಮಂತ್ರದ ಶಕ್ತಿ. ಎರಡು ಸಲ ಕೈ ಬೀಸಿದ, ಮುಗಿಯಿತು. ಎಲ್ಲಾದರೂ ಕೂತು ದಣಿವಾರಿಸಿಕೊಂಡ ಮೇಲೇ ಮತ್ತೆ ಎರಡು. ಅದಕ್ಕೇ ಜಾಣರು ಹಂತ ಏರಿದಾಗ ಅವನಿಗೆ ಪಕ್ಕದಲ್ಲೊಂದು ಎರಡನೇ ಕಸುಬು ಕಲಿಸುತ್ತಾರೆ. ಇದಕ್ಕೆ ಮಲ್ಟಿಕ್ಲಾಸ್ ಎಂದು ಹೆಸರು. ಸಾರ್ಸರರ್ ಆದರೆ ಮಂತ್ರ ಹೆಚ್ಚು. ಬಾರ್ಡ್ ಆದರೆ ಹಾಡಿ ಮರುಳು ಮಾಡಬಹುದು. ಪ್ಯಾಲಡಿನ್ ಆದರೆ ಕವಚ, ಕತ್ತಿ, ಪ್ರತಿಜ್ಞೆ. ಒಂದು ತಪ್ಪು ಆರಿಸಿದರೆ ವಾರ್ಲಾಕಿನ ಬಾಳೇ ಹಾಳು. ನೋಡಿ, ಎಂಥ ಜವಾಬ್ದಾರಿ!

ನಾನು ಕೂತೆ. ವಿಡಿಯೋ ನೋಡಿದೆ. ಒಬ್ಬ ಸಾರ್ಸರರ್ ಬಿಟ್ಟರೆ ಗತಿಯಿಲ್ಲ ಅಂದ. ಇನ್ನೊಬ್ಬ ಸಾರ್ಸರರ್ ಆರಿಸಿದವನು ಮೂರ್ಖ ಅಂದ. ಇಬ್ಬರನ್ನೂ ಪೂರ್ತಿ ನಂಬಿದೆ. ಬೆಳಿಗ್ಗೆ ಅಂಗಡಿಗೆ ಹೋಗುವಾಗ ಬಾರ್ಡ್ ಎಂದು ನಿಶ್ಚಯವಾಗಿರುತ್ತಿತ್ತು, ಮಧ್ಯಾಹ್ನ ಊಟ ಮಾಡುವಾಗ ಪ್ಯಾಲಡಿನ್. ಇದೇ ಧ್ಯಾನದಲ್ಲಿ ಕಾಫಿ ತೋಟದ ಸಾಹುಕಾರರೊಬ್ಬರ ತ್ರೀ ಫೇಸ್ ಮೋಟಾರಿಗೆ ವೈರು ಅದಲುಬದಲು ಕೊಟ್ಟು ಕಳಿಸಿದೆ. ಮೋಟಾರು ಉಲ್ಟಾ ತಿರುಗಿತು. ಸದ್ದು ಭರ್ಜರಿ, ನೀರು ಮಾತ್ರ ಬೊಗಸೆಯಷ್ಟು! ಸಾಹುಕಾರರು ತಾವೇ ಅಂಗಡಿಗೆ ಬಂದು ನನ್ನ ವಂಶವನ್ನು ಮಲಯಾಳದಲ್ಲಿ ಸ್ಮರಿಸಿ ಹೋದರು. ಅವರು ಬಯ್ಯುತ್ತಿರುವಾಗ ನನಗೆ ಹೊಳೆಯಿತು, ಇಂಥ ಬಾಯಿ ಇದ್ದರೆ ಬಾರ್ಡ್ ಆಗಿ ಬೆಳಗಬಹುದಿತ್ತು.

ಸುನಂದಾ ದಿನಾ ಸಂಜೆ ಫೋನ್ ಮಾಡುತ್ತಿದ್ದಳು.

"ಏನು ಯೋಚನೆ ಮಾಡಿದ್ರಿ?"

"ಮಾಡ್ತಾ ಇದ್ದೀನಿ. ಸುಮ್ನೆ ಆತುರ ಪಟ್ರೆ ಆಗುತ್ತಾ?"

"ಆತುರ ಏನು ಬಂತು ರೀ? ಮೂರು ವರ್ಷದಿಂದ ನಾನು ಓಡಾಡ್ತಿದ್ದೀನಿ. ಮೊನ್ನೆ ಕಾಡಲ್ಲಿ ಆನೆ ನಿಂತು ಬಸ್ಸು ಅಲ್ಲೇ ಬಾಕಿ. ಎಲ್ರೂ ಮನೆಗೆ ಫೋನ್ ಮಾಡ್ತಿದ್ರು. ನಾನೂ ಮಾಡ್ದೆ. ನೀವು ಎತ್ತಲಿಲ್ಲ."

ಎತ್ತುವುದು ಹೇಗೆ? ಫೋನಿನಲ್ಲಿ ಆಗ ಪ್ಯಾಲಡಿನ್ನಿನ ಪ್ರತಿಜ್ಞೆಗಳ ಕುರಿತು ಒಂದು ದೀರ್ಘ ಉಪನ್ಯಾಸ ನಡೆಯುತ್ತಿತ್ತು. ಬಲಹೀನರನ್ನು ಕಾಪಾಡುತ್ತೇನೆ ಎಂಬಲ್ಲಿಗೆ ಬಂದಿತ್ತು. ಇದನ್ನು ಅವಳಿಗೆ ಹೇಳಲಿಲ್ಲ. ಅಷ್ಟು ಬುದ್ಧಿ ನನಗೂ ಇದೆ.

ಕೊನೆಗೆ ಒಂದು ಶುಕ್ರವಾರ, ಸ್ನಾನ ಮಾಡುವಾಗ, ದಿವ್ಯಜ್ಞಾನ ಪ್ರಾಪ್ತವಾಯಿತು. ಎಲ್ಲರೂ ಹೇಳಿದ ಮೂರನ್ನೂ ಬಿಟ್ಟು ನಾನು ಕ್ಲೆರಿಕ್ ಆಗಬೇಕು! ಗಾಯ ವಾಸಿ ಮಾಡುವ ವಿದ್ಯೆ ಕೈಗೆ ಬಂದರೆ ಸುನಂದಾ ನನ್ನ ಹಿಂದೆ ಓಡುವುದು ತಪ್ಪುತ್ತದೆ. ಪಾಪ, ಅವಳ ಹೊರೆ ಎಷ್ಟು ಇಳಿಯಿತು! ಹೆಂಡತಿಯ ಬಗ್ಗೆ ಇಷ್ಟು ಕಾಳಜಿ ಇರುವ ಗಂಡ ಎಷ್ಟು ಮನೆಯಲ್ಲಿದ್ದಾನೆ? ನನ್ನ ಕಣ್ಣು ಒದ್ದೆಯಾಯಿತು. ಸೋಪು ಇದ್ದರೂ ಇದ್ದೀತು.

ಭಾನುವಾರ ಮಧ್ಯಾಹ್ನ ಜಗಲಿಯಲ್ಲಿ ಎಲ್ಲರೂ ಕೂತೆವು. ಷಮೀರ್ ಎಂದಿನಂತೆ ಬೇಕರಿಯಿಂದ ಬಿಸಿ ಪಳಂಪೊರಿ, ಅಂದರೆ ಬಾಳೆಹಣ್ಣಿನ ಬಜ್ಜಿ, ತಂದಿದ್ದ. ಸುನಂದಾ ಚಹಾ ತಂದಿಟ್ಟಳು. ನಾನು ಗಂಟಲು ಸರಿಮಾಡಿಕೊಂಡು, "ಎಲ್ರೂ ಕೇಳಿ. ಬಹಳ ಯೋಚನೆ ಮಾಡಿ ಒಂದು ತೀರ್ಮಾನಕ್ಕೆ ಬಂದಿದ್ದೀನಿ" ಅಂದೆ.

ಸುನಂದಾ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದಳು. ಎಷ್ಟೋ ದಿನದ ಮೇಲೆ ಆ ಮುಖದಲ್ಲಿ ಒಂದು ಆಸೆ ಕಂಡಿತು. ಅದು ವಾರ್ಲಾಕಿನ ಮೇಲಿನ ಆಸೆ ಎಂದೇ ನಾನು ತಿಳಿದೆ. ಅಯ್ಯೋ ನನ್ನ ಕರ್ಮವೇ!

"ನಾನು ಕ್ಲೆರಿಕ್ ಆಗ್ತೀನಿ," ಅಂದೆ.

ಜೋಬಿ ತಲೆ ಕೆರೆದುಕೊಂಡ. ಅವನ ಮಲಯಾಳದಲ್ಲಿ ನಾನು ರಾಜೇಟ್ಟ, ಅಂದರೆ ಅಣ್ಣ; ಸುನಂದಾ ಚೇಚಿ, ಅಂದರೆ ಅಕ್ಕ.

"ರಾಜೇಟ್ಟಾ, ಅದು ಶರಿಯಾಗಲ್ಲ. ಕ್ಲೆರಿಕ್ ಆಗೋಕೆ ಪಾತ್ರದ ಹಾಳೆಯಲ್ಲಿ ವಿವೇಕದ ಅಂಕ ಹದಿಮೂರಾದ್ರೂ ಇರ್ಬೇಕು."

"ಇದೆ. ನೋಡು, ಸರಿಯಾಗಿ ಹದಿಮೂರು!"

"ನಿಮಗೆ ಹದಿಮೂರು ಯಾರು ಕೊಟ್ರು?" ಅಂದಳು ಸುನಂದಾ.

ಷಮೀರ್ ನಕ್ಕ. ಅವಳು ನಗಲಿಲ್ಲ. ಚಹಾದ ಲೋಟ ಮತ್ತೆ ಎತ್ತಿಕೊಂಡು, "ಇಷ್ಟು ದಿನ ಯೋಚನೆ ಮಾಡಿದ್ದು ಇದನ್ನಾ?" ಎಂದು ಕೇಳಿದಳು.

"ನಿನಗೋಸ್ಕರನೇ ಅಲ್ವಾ! ಇನ್ಮೇಲೆ ನನ್ನ ಗಾಯ ನಾನೇ ನೋಡ್ಕೊಳ್ತೀನಿ. ನಿನಗೆ ತೊಂದರೆ ಇಲ್ಲ."

"ತೊಂದರೆ ಅಂತ ನಾನು ಯಾವತ್ತಾದ್ರೂ ಹೇಳಿದ್ನಾ?" ಅಂದಳು. ಆಮೇಲೆ ಜೋಬಿಯ ಕಡೆ ತಿರುಗಿ, "ಶುರು ಮಾಡಪ್ಪ, ನನಗೆ ಬಸ್ಸಿದೆ" ಅಂದಳು.

ಜೋಬಿ ಶುರು ಮಾಡಿದ. ಒಂದು ಗುಹೆ, ಕೊನೆಯಲ್ಲೊಂದು ಕಬ್ಬಿಣದ ಬಾಗಿಲು, ಅದನ್ನು ಕಾಯುವ ದೈತ್ಯ. ಇಂಥ ಕಡೆ ನನ್ನ ವಾರ್ಲಾಕ್ ದೂರದ ಬಂಡೆಯ ಹಿಂದೆ ನಿಂತು ಮಂತ್ರ ಎಸೆಯುವುದು ವಾಡಿಕೆ. ಅವನ ಮೈಯಲ್ಲಿ ಇರುವುದೇ ಇಷ್ಟು ಜೀವ. ಆದರೆ ಈಗ ನಾನು ಸಾಮಾನ್ಯನೇ? ಗಾಯ ವಾಸಿ ಮಾಡುವ ವಿದ್ಯೆ ಬಲ್ಲವನು! ಷಮೀರನ ಫೈಟರನ್ನು ಪಕ್ಕಕ್ಕೆ ಸರಿಸಿ ಮುಂದೆ ನುಗ್ಗಿದೆ.

"ರಾಜೇಟ್ಟಾ, ಬೇಡ," ಅಂದ ಷಮೀರ್.

"ಹೆದರಬೇಡ. ನನ್ನ ಹಿಂದೆ ನಿಂತ್ಕೋ!"

ದೈತ್ಯ ಗದೆ ಬೀಸಿದ. ಜೋಬಿ ದಾಳ ಉರುಳಿಸಿ, ಎಣಿಸಿ, ಮತ್ತೊಮ್ಮೆ ಎಣಿಸಿ, ನನ್ನನ್ನು ಕರುಣೆಯಿಂದ ನೋಡಿದ. ನನ್ನ ವಾರ್ಲಾಕ್ ಒಂದೇ ಏಟಿಗೆ ಗೋಡೆಗೆ ಬಡಿದು ಕೆಳಗೆ ಬಿದ್ದ. ಎರಡನೇ ಏಟು ಫೈಟರಿಗೆ ಬಿತ್ತು.

"ಚಿಂತೆಯಿಲ್ಲ," ಅಂದೆ ನಾನು, ಈ ಕ್ಷಣಕ್ಕಾಗಿಯೇ ಕಾದವನಂತೆ. "ನನಗೆ ನಾನೇ ಮಂತ್ರ ಹಾಕ್ಕೊಂಡು ಏಳ್ತೀನಿ!"

"ಆಗಲ್ಲ ರಾಜೇಟ್ಟಾ."

"ಯಾಕಾಗಲ್ಲ? ನಾನು ಕ್ಲೆರಿಕ್!"

"ಕ್ಲೆರಿಕ್ ಹೌದು. ಆದ್ರೆ ನಿಮಗೆ ಪ್ರಜ್ಞೆ ಇಲ್ಲ. ಪ್ರಜ್ಞೆ ಇಲ್ಲದವನು ಮಂತ್ರ ಹೇಳೋದು ಹೇಗೆ? ಬೇರೆ ಯಾರಾದ್ರೂ ಬಂದು ಎಬ್ಬಿಸ್ಬೇಕು."

ಇಷ್ಟು ವಾರ ನೋಡಿದ ಅಷ್ಟು ವಿಡಿಯೋಗಳಲ್ಲಿ ಈ ಮಾತು ಹೇಳುವಷ್ಟು ಪುರುಸೊತ್ತು ಒಬ್ಬ ಪಾಪಿಗೂ ಇರಲಿಲ್ಲ! ಎಲ್ಲರೂ ಸುನಂದಾಳ ಕಡೆ ನೋಡಿದೆವು. ನಾನು ಬಿದ್ದಾಗಲೆಲ್ಲ ಅವಳು, ತನಗೆ ಏಟು ಬಿದ್ದರೂ ಸರಿ, ಓಡಿ ಬಂದು ಎಬ್ಬಿಸುತ್ತಿದ್ದಳು. ಈಗಲೂ ಬರುತ್ತಾಳೆ ಎಂದು ನಾನು ನಿಶ್ಚಿಂತೆಯಿಂದ ಒಂದು ಪಳಂಪೊರಿ ಎತ್ತಿಕೊಂಡೆ.

"ನಾನು ಷಮೀರನ ಗಾಯ ವಾಸಿ ಮಾಡ್ತೀನಿ," ಅಂದಳು. "ನಾವಿಬ್ರೂ ಬಾಗಿಲು ದಾಟ್ತೀವಿ."

"ಮತ್ತೆ ನಾನು?"

"ನಿಮ್ಮದು ನೀವೇ ನೋಡ್ಕೊಳ್ತೀನಿ ಅಂದ್ರಲ್ಲ."

"ಅಯ್ಯೋ ಚೇಚಿ, ರಾಜೇಟ್ಟ ಸಾಯ್ತಾರೆ," ಅಂದ ಜೋಬಿ.

"ಸಾಯೋದು ಬಿಡೋದು ದಾಳಕ್ಕೆ ಬಿಟ್ಟದ್ದು. ಎದ್ದು ಬರೋದು ಬಿಡೋದು ಅವರಿಗೆ ಬಿಟ್ಟದ್ದು. ನನ್ನ ಕೈಯಲ್ಲಿ ಏನಿದೆ?"

ಅವಳು ತನ್ನ ದಾಳವನ್ನು ಮೇಜಿನ ನಡುವಿಗೆ ತಳ್ಳಿಬಿಟ್ಟಳು. ಷಮೀರ್ ಜಗಲಿಯ ಹೊರಗೆ ನೋಡತೊಡಗಿದ. ಆಗ ನನಗೆ ಮೊದಲ ಸಲ ಅನುಮಾನ ಬಂತು, ಇದು ಬರೀ ಗುಹೆಯ ಮಾತಲ್ಲವೇನೋ ಎಂದು.

ನಮ್ಮದು ಜೈನರ ಮನೆ. ಸೂರ್ಯ ಮುಳುಗುವ ಮೊದಲು ಊಟ ಆಗಬೇಕು. ಆಟವನ್ನು ಅಲ್ಲಿಗೇ ನಿಲ್ಲಿಸಿ ಒಳಗೆ ಹೋಗಿ ಅವಳು ಅನ್ನ ಬಡಿಸಿದಳು. ಇಬ್ಬರೂ ಉಂಡೆವು. ಸಾರಿಗೆ ಉಪ್ಪು ಇರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ಅವಳ ಚೀಲ ಹೊತ್ತುಕೊಂಡು ಬಸ್‌ಸ್ಟ್ಯಾಂಡಿಗೆ ಹೋದೆ. ಅಂದು ಚೀಲ ವಿಪರೀತ ಭಾರ.

"ಇಷ್ಟೊಂದು ಏನು?"

"ಚಳಿಗಾಲದ ಬಟ್ಟೆ, ಪಾತ್ರೆ, ನನ್ನ ಪುಸ್ತಕ. ಬುಧವಾರವೇ ಮನೆ ಬೀಗದಕೈ ತಗೊಂಡೆ."

"ಆ ಮನೇನಾ? ತಿಂಗಳ ಕೊನೆಗಲ್ವಾ ಹೇಳ್ಬೇಕಾಗಿದ್ದು?"

"ಅದಲ್ಲ. ಅದನ್ನ ಬಿಟ್ಟೆ. ಪಕ್ಕದಲ್ಲೇ ಒಂದು ಕೋಣೆ. ಒಬ್ಬಳಿಗೆ ಸಾಕು." ಬಸ್ಸಿನ ಮೆಟ್ಟಿಲು ಹತ್ತಿ ತಿರುಗಿದಳು. "ಆದ್ರೂ ಬೆಳಿಗ್ಗೆಯಿಂದ ಕಾದೆ ರೀ. ನೀವು ತೀರ್ಮಾನ ಅಂದಾಗ ಬೀಗದಕೈ ವಾಪಸ್ ಕೊಟ್ಟು ಬಿಡೋಣ ಅಂತಾನೂ ಅಂದ್ಕೊಂಡೆ."

ಚೀಲವನ್ನು ಮೇಲಕ್ಕೆ ಎತ್ತಿಕೊಟ್ಟೆ. ಬಹಳ ಕಷ್ಟಪಟ್ಟು ಒಂದು ಮಾತು ಹುಡುಕಿದೆ.

"ಮುಂದಿನ ವಾರ ಬರ್ತೀಯಲ್ಲ?"

"ಇಲ್ಲ. ನನಗೂ ದಣಿವು ಅಂತ ಒಂದಿದೆ. ಬೇಕಾದ್ರೆ ನೀವು ಬನ್ನಿ. ಬಸ್ಸು ಎರಡೂ ಕಡೆಗೆ ಓಡುತ್ತೆ."

ಬಸ್ ಹೊರಟಿತು. ಅವಳು ಕೈ ಬೀಸಲಿಲ್ಲ. ಅಲ್ಲೇ ಕೂತು ಅತ್ತುಬಿಡೋಣ ಅನ್ನಿಸಿತು. ಆದರೆ ನಾನು ಅಂಥ ಹೇಡಿಯಲ್ಲ. ಹೋಗುತ್ತೇನೆ! ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಹೋಗಿ ಅವಳ ಬಾಗಿಲಲ್ಲಿ ನಿಲ್ಲುತ್ತೇನೆ! ಅಷ್ಟು ಹೊತ್ತಿಗೆ ಒಂದು ಸಣ್ಣ ಅಡಚಣೆ ಎದುರಾಯಿತು. ಗುಂಡ್ಲುಪೇಟೆಗೆ ಮೊದಲ ಬಸ್ ಎಷ್ಟು ಗಂಟೆಗೆ ಎಂಬುದು ನನಗೆ ಗೊತ್ತಿರಲಿಲ್ಲ. ಮೂರು ವರ್ಷದಲ್ಲಿ ಆ ಕಡೆ ಹೋಗುವ ಅಗತ್ಯ ನನಗೆ ಬಿದ್ದಿರಲಿಲ್ಲ, ನೋಡಿ.

ವಿಚಾರಣೆಯ ಕಿಟಕಿ ತೆರೆದಿತ್ತು. ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದು ಬಾಯಿ ತೆರೆಯುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ಜೋಬಿ.

"ರಾಜೇಟ್ಟಾ, ನೀವು ಹೋದ್ಮೇಲೆ ನಿಮ್ಮ ದಾಳ ನಾನೇ ಉರುಳಿಸಿದೆ. ವಾರ್ಲಾಕ್ ಹೋದ. ಸಾರಿ. ಹೊಸಬ ಯಾರು ಬೇಕು?"

ಹಿಂದಿನವರಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದೆ. ಈ ಸಲ ಒಂದೂ ವಿಡಿಯೋ ನೋಡಲಿಲ್ಲ, ಯಾರನ್ನೂ ಕೇಳಲಿಲ್ಲ. ಕಂಬಕ್ಕೊರಗಿ ನಿಂತು, ಕವಚ ಯಾವುದು, ಕತ್ತಿ ಯಾವುದು, ಯಾವ ಪ್ರತಿಜ್ಞೆ ಎಂಬುದನ್ನೆಲ್ಲ ಚಕಚಕ ಹೇಳಿ ಮುಗಿಸಿದೆ. ಪ್ಯಾಲಡಿನ್! ಕೊಟ್ಟ ಮಾತಿಗಾಗಿ ಪ್ರಾಣ ಕೊಡುವ, ಯಾರನ್ನೂ ನಡುದಾರಿಯಲ್ಲಿ ಬಿಡದ ವೀರ!

ತಿರುಗಿ ನೋಡಿದರೆ ಕಿಟಕಿ ಮುಚ್ಚಿತ್ತು. ನಾಳೆ ಕೇಳಿದರಾಯಿತು ಎಂದು ಮನೆ ಕಡೆ ನಡೆದೆ. ಪ್ಯಾಲಡಿನ್ನಿಗೆ ಒಂದು ಒಳ್ಳೆಯ ಹೆಸರು ಹುಡುಕಬೇಕಿತ್ತು.